ಕುಕ್ಷಿಯ ನಾಲ್ಕನೆಯ ಭಾಗ: ಜೈನ ಗ್ರಂಥಗಳಲ್ಲಿ ಜಠರಸ್ವಾಸ್ಥ್ಯ ಮತ್ತು ಆಯುಸ್ಸು

ವಟ್ಟಕೇರಾಚಾರ್ಯರ ಮೂಲಾಚಾರದ ಪಿಂಡಶುದ್ಧಿ ಅಧಿಕಾರದಲ್ಲಿ, ಮುನಿಯಾದವನು ತನ್ನ ಉದರವನ್ನು ಹೇಗೆ ತುಂಬಬೇಕೆಂಬುದನ್ನು ವಿಧಿಸುವ ಗಾಹೆಯೊಂದಿದೆ. ವ್ಯಂಜನಸಹಿತವಾದ ಅನ್ನದಿಂದ ಅರ್ಧಭಾಗವನ್ನೂ ನೀರಿನಿಂದ ಮೂರನೆಯ ಭಾಗವನ್ನೂ ತುಂಬಿ, ನಾಲ್ಕನೆಯ ಭಾಗವನ್ನು ವಾಯುವಿನ ಸಂಚಾರಕ್ಕೆಂದು ಬರಿದಾಗಿ ಉಳಿಸಬೇಕೆಂಬುದು ಅದರ ತಾತ್ಪರ್ಯ. ಕರುಳಿನ ಆರೋಗ್ಯವೇ ದೀರ್ಘಾಯುಷ್ಯದ ಮೂಲವೆಂಬ ಮಾತು ಈಚಿನ ವರ್ಷಗಳಲ್ಲಿ ಎಲ್ಲೆಡೆಯೂ ಕೇಳಿಬರತೊಡಗಿದ ಮೇಲೆ ಈ ಗಾಹೆಗೆ ಹೊಸ ಪ್ರಸಿದ್ಧಿ ಬಂದಿದೆ. ಉಪನ್ಯಾಸಗಳಲ್ಲಿಯೂ ಕಿರುಹೊತ್ತಗೆಗಳಲ್ಲಿಯೂ ಇದನ್ನು ಮೇಲಿಂದ ಮೇಲೆ ಉದ್ಧರಿಸಿ, ನಮ್ಮ ಆಚಾರ್ಯರು ದೀರ್ಘಾಯುಷ್ಯದ ಸೂತ್ರವನ್ನು ಸಾವಿರಾರು ವರ್ಷಗಳ ಹಿಂದೆಯೇ ಕೊಟ್ಟಿದ್ದರೆಂದು ಹೇಳಲಾಗುತ್ತಿದೆ.

ಪರರನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ನಾನೂ ಈ ಗಾಹೆಯನ್ನು ಇದೇ ಅರ್ಥದಲ್ಲಿ ವಿವರಿಸಿದ್ದೆನು. ಸಭೆ ಮುಗಿದ ಮೇಲೆ ವೃದ್ಧ ಪಂಡಿತರೊಬ್ಬರು ಬಳಿಗೆ ಬಂದು, "ಶಾಸ್ತ್ರಿಗಳೇ, ಇದರ ಹಿಂದಿನ ಗಾಹೆಗಳನ್ನು ಓದಿದ್ದೀರಲ್ಲವೆ?" ಎಂದಷ್ಟೇ ಕೇಳಿದರು. ಓದಿದ್ದೆನು, ಆದರೆ ಅಂದು ಅದು ನೆನಪಿಗೆ ಬಂದಿರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಅದೇ ಪಿಂಡಶುದ್ಧಿ ಅಧಿಕಾರದಲ್ಲಿ, ಕುಕ್ಷಿವಿಭಾಗದ ಗಾಹೆಗಿಂತ ಕೆಲವೇ ಗಾಹೆಗಳ ಹಿಂದೆ, ಮುನಿಯು ಯಾವುದಕ್ಕಾಗಿ ಉಣ್ಣಬೇಕು, ಯಾವುದಕ್ಕಾಗಿ ಉಣ್ಣಬಾರದು ಎಂಬುದನ್ನು ಗ್ರಂಥಕರ್ತರು ಸ್ಪಷ್ಟಪಡಿಸಿದ್ದಾರೆ. ಬಲಕ್ಕಾಗಿ, ಆಯುಸ್ಸಿಗಾಗಿ, ಸ್ವಾದಕ್ಕಾಗಿ, ಶರೀರದ ಉಪಚಯಕ್ಕಾಗಿ, ತೇಜಸ್ಸಿಗಾಗಿ ಉಣ್ಣಲಾಗದು. ಜ್ಞಾನ, ಸಂಯಮ, ಧ್ಯಾನಗಳಿಗಾಗಿ ಉಣ್ಣಬೇಕು. 'ಆಉ' ಎಂಬ ಪ್ರಾಕೃತ ಶಬ್ದ ಇಲ್ಲಿ ನಿಷೇಧದ ಪಟ್ಟಿಯಲ್ಲಿಯೇ ಇದೆ. ಅದರ ಬೆನ್ನಿಗೇ ಸ್ವಾದವಾಚಕವಾದ 'ಸಾಉ' ಬಂದಿದ್ದು, ಎರಡೂ ಒಂದೇ ಸಮಾಸದಲ್ಲಿ ಹೊಂದಿಕೊಂಡಿರುವುದರಿಂದ ಅವಸರದಲ್ಲಿ ಓದುವವನ ಕಣ್ಣು ಒಂದನ್ನು ಹಾರಿಸಿಬಿಡುವ ಸಂಭವ ಉಂಟು. ಓಲೆಗರಿಗಳನ್ನು ಓದಿ ಅಭ್ಯಾಸವಿದ್ದವರಿಗೆ ಇಂಥ ಸ್ವರಬಾಹುಳ್ಯದ ಪ್ರಾಕೃತ ಸಮಾಸಗಳು ಎಷ್ಟು ತೊಡಕಿನವೆಂಬುದನ್ನು ಹೇಳಬೇಕಾಗಿಲ್ಲ. ಆ ಎರಡಕ್ಷರ ಕೈಬಿಟ್ಟರೆ ಛಂದಸ್ಸು ಕೆಡುತ್ತದೆ, ಅದರಿಂದ ಲಿಪಿಕಾರನ ತಪ್ಪು ಬಯಲಾಗುತ್ತದೆ. ಉಪನ್ಯಾಸಕನು ಕೈಬಿಟ್ಟರೆ ಹಿಡಿಯುವ ಛಂದಸ್ಸು ಇಲ್ಲ.

ಇಷ್ಟರಿಂದಲೇ ಪ್ರಶ್ನೆ ಬಗೆಹರಿಯಲಿಲ್ಲ; ನಿಜವಾಗಿ ಇಲ್ಲಿಂದ ಪ್ರಾರಂಭವಾಗುತ್ತದೆ. ಏಕೆಂದರೆ ಇದೇ ಪ್ರಕರಣದಲ್ಲಿ ಮುನಿಯು ಆಹಾರ ಸ್ವೀಕರಿಸಲು ಆರು ಕಾರಣಗಳನ್ನು ಹೇಳಿದೆ: ಹಸಿವಿನ ವೇದನೆಯ ಶಮನ, ವೈಯಾವೃತ್ಯ, ಆವಶ್ಯಕ ಕ್ರಿಯೆಗಳು, ಸಂಯಮ, ಪ್ರಾಣಧಾರಣೆ, ಧರ್ಮ. ಪ್ರಾಣಗಳು ಹತ್ತು, ಇಂದ್ರಿಯಗಳು ಐದು, ಬಲಗಳು ಮೂರು, ಉಚ್ಛ್ವಾಸ ಒಂದು, ಕೊನೆಯದು ಆಯುವೇ. ಪ್ರಾಣಕ್ಕಾಗಿ ಉಣ್ಣಬಹುದು, ಆಯುಸ್ಸಿಗಾಗಿ ಉಣ್ಣಬಾರದು ಎಂದರೆ ಮೇಲ್ನೋಟಕ್ಕೆ ವಿರೋಧ ಕಾಣುತ್ತದೆ. ವಸುನಂದಿಗಳ ಆಚಾರವೃತ್ತಿಯ ಜಾಡನ್ನು ಹಿಡಿದರೆ ಈ ವಿರೋಧ ಪರಿಹಾರವಾಗುತ್ತದೆ. ನಿಷೇಧವಿರುವುದು 'ನನ್ನ ಆಯುಸ್ಸು ವೃದ್ಧಿಯಾಗಲಿ' ಎಂಬ ಉದ್ದೇಶಕ್ಕೆ. ಇರುವುದನ್ನು ಧರಿಸುವುದು ಬೇರೆ, ಇಲ್ಲದ್ದನ್ನು ಗಳಿಸಲು ಯತ್ನಿಸುವುದು ಬೇರೆ. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದರ ಔಚಿತ್ಯ ಕೂಡಲೇ ಹೊಳೆಯುವುದು. ಉದಯದಲ್ಲಿರುವ, ಅಂದರೆ ಭುಜ್ಯಮಾನವಾದ ಆಯುಸ್ಸು ಬಂಧಕಾಲದಲ್ಲಿ ಪಡೆದ ಸ್ಥಿತಿಗಿಂತ ಹೆಚ್ಚಲಾರದು. ಅದು ಪೂರ್ಣವಾಗಿ ನಡೆಯಬಹುದು, ಇಲ್ಲವೇ ಕದಳೀಘಾತದಿಂದ ನಡುವೆಯೇ ಮುಗಿಯಬಹುದು; ಮೂರನೆಯ ಗತಿ ಇಲ್ಲ. ಆದ್ದರಿಂದ ಆಯುರ್ವೃದ್ಧಿಗೆಂದು ಉಣ್ಣುವವನು ಆಗದ ಕಾರ್ಯಕ್ಕೆ ಉಣ್ಣುತ್ತಾನೆ.

ಹಾಗಾದರೆ ಕುಕ್ಷಿಯ ನಾಲ್ಕನೆಯ ಭಾಗವನ್ನು ಬರಿದಾಗಿಡುವುದು ಯಾವುದಕ್ಕೆ? ವೈದ್ಯಗ್ರಂಥಗಳಲ್ಲಿ ಇದೇ ವಿಧಿ ಇರುವುದನ್ನು ಮೊದಲು ಗಮನಿಸೋಣ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕುಕ್ಷಿಯನ್ನು ಮೂರು ಪಾಲು ಮಾಡಿ, ಘನಾಹಾರಕ್ಕೆ ಒಂದು, ದ್ರವಕ್ಕೆ ಒಂದು, ವಾತಪಿತ್ತಶ್ಲೇಷ್ಮಗಳಿಗೆ ಒಂದು ಎಂದು ವಿಭಾಗಿಸಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಪಾಲುಗಳು ನಾಲ್ಕು: ಅನ್ನಕ್ಕೆ ಎರಡು, ಪಾನಕ್ಕೆ ಒಂದು, ಪವನಾದಿಗಳ ಆಶ್ರಯಕ್ಕೆ ಒಂದು. ಮೂಲಾಚಾರದ ಲೆಕ್ಕ ವಾಗ್ಭಟನ ಲೆಕ್ಕಕ್ಕೆ ಸರಿಹೋಗುತ್ತದೆ. ಶ್ವೇತಾಂಬರ ಪರಂಪರೆಯ ಪಿಂಡನಿರ್ಯುಕ್ತಿಯಲ್ಲಿ ಬಹುಮಟ್ಟಿಗೆ ಇದೇ ಗಾಹೆ ಕಂಡುಬಂದರೂ ಅಲ್ಲಿ ಉದರ ಆರು ಪಾಲಾಗಿದೆ. ಅರ್ಧ ಅನ್ನಕ್ಕೆ, ಎರಡು ಪಾಲು ದ್ರವಕ್ಕೆ, ಆರನೆಯದು ವಾಯುವಿಗೆ. ಅಷ್ಟೇ ಅಲ್ಲದೆ ಶೀತಕಾಲ ಉಷ್ಣಕಾಲಗಳಿಗೆ ತಕ್ಕಂತೆ ಅನ್ನಪಾನಗಳ ಪಾಲು ಹೆಚ್ಚುಕಡಿಮೆಯಾಗಬಹುದೆಂದೂ ಅಲ್ಲಿ ಹೇಳಿದೆ. ವಾಯುವಿನ ಪಾಲು ಮಾತ್ರ ಎಂದಿಗೂ ತುಂಬಬಾರದು. ಒಂದೇ ಗಾಹೆ ಎರಡು ಪರಂಪರೆಗಳಲ್ಲಿ ಎರಡು ಲೆಕ್ಕಗಳನ್ನು ಹೊತ್ತು ನಿಂತಿರುವುದು ಅವು ಕವಲೊಡೆಯುವುದಕ್ಕೆ ಮುಂಚಿನ ಒಂದು ಸಾಮಾನ್ಯ ಮೂಲವನ್ನು ಸೂಚಿಸುತ್ತದೆಂದು ನನ್ನ ಊಹೆ. ಮೂಲಾಚಾರವು ವಾಗ್ಭಟನಿಂದ ಪಡೆಯಿತೆಂದಾಗಲಿ ವಾಗ್ಭಟನೇ ಮುನಿಗಳಿಂದ ಪಡೆದನೆಂದಾಗಲಿ ಇಷ್ಟರ ಮೇಲೆ ತೀರ್ಮಾನಿಸುವುದು ಸಾಹಸವಾದೀತು. ಹಿತವಾಗಿ, ಮಿತವಾಗಿ, ಅಲ್ಪವಾಗಿ ಉಣ್ಣುವವರಿಗೆ ವೈದ್ಯರು ಚಿಕಿತ್ಸೆ ಮಾಡಬೇಕಾಗಿಲ್ಲ, ಅವರು ತಮಗೆ ತಾವೇ ವೈದ್ಯರು ಎಂಬ ಅಭಿಪ್ರಾಯವೂ ಪಿಂಡನಿರ್ಯುಕ್ತಿಯಲ್ಲಿಯೇ ಇದೆ. ವೈದ್ಯನ ಮಾತಿಗೂ ಶ್ರಮಣನ ಮಾತಿಗೂ ಅಂತರವಿಲ್ಲದ ಎಡೆ ಇದು.

ಇನ್ನು ಪ್ರಮಾಣದ ವಿಚಾರ. ಪುರುಷನ ಪೂರ್ಣಾಹಾರ 32 ಕವಲ ಎಂಬುದು ಮೂಲಾಚಾರ, ಭಗವತೀ ಆರಾಧನೆ ಎರಡರಲ್ಲಿಯೂ ಇದೆ; ಸ್ತ್ರೀಯ ಪೂರ್ಣಾಹಾರ 28 ಕವಲ ಎಂಬುದು ಭಗವತೀ ಆರಾಧನೆಯಲ್ಲಿದೆ. ಅದರಲ್ಲಿ ಒಂದು ತುತ್ತು ಕಡಿಮೆಯಾದಲ್ಲಿಂದ ತೊಡಗಿ ಒಂದೇ ತುತ್ತಿನವರೆಗೆ, ಕೊನೆಗೆ ಒಂದು ಅಗುಳಿನವರೆಗೆ ಅವಮೌದರ್ಯವು ಬಗೆಬಗೆಯಾಗುತ್ತದೆ. ಕವಲವೆಂದರೆ ಸಾವಿರ ತಂಡುಲಗಳ ಪ್ರಮಾಣವೆಂದು ವಸುನಂದಿಗಳು ಆಗಮವನ್ನು ಸ್ಮರಿಸುತ್ತಾರೆ. ಶ್ವೇತಾಂಬರ ವ್ಯಾಖ್ಯಾನಗಳಲ್ಲಿ ಬೇರೊಂದು ಉಪಮಾನವಿದ್ದು, ಅಭಯದೇವಸೂರಿಗಳು ಅವರವರ ಆಹಾರದ ಮೂವತ್ತೆರಡನೆಯ ಒಂದಂಶವೇ ಅವರವರಿಗೆ ಕವಲ ಎಂಬ ಅರ್ಥವನ್ನೂ ಒಪ್ಪಿದ್ದಾರೆ. ಒಮ್ಮೆ ಕುತೂಹಲದಿಂದ ಸಣ್ಣಕ್ಕಿಯ ಸಾವಿರ ಕಾಳುಗಳನ್ನು ಎಣಿಸಿ, ಪರಿಚಿತ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಿದೆನು. ಸುಮಾರು 15 ಗ್ರಾಂ ಆಯಿತು. ಬೇಯಿಸಿದರೆ ಒಂದು ದೊಡ್ಡ ತುತ್ತು. ಈ ಲೆಕ್ಕದಲ್ಲಿ ಪೂರ್ಣಾಹಾರಕ್ಕೆ 480 ಗ್ರಾಂ ಅಕ್ಕಿ ಬೇಕಾಗುತ್ತದೆ. ದಪ್ಪ ಅಕ್ಕಿಯಾದರೆ ಇನ್ನೂ ಹೆಚ್ಚು. ದಿನಕ್ಕೆ ಒಂದೇ ಬಾರಿ, ನಿಂತು, ಕರಪಾತ್ರದಲ್ಲಿ, ಸೂರ್ಯೋದಯದ ಅನಂತರದ ಮೂರು ನಾಳಿಗಳನ್ನೂ ಸೂರ್ಯಾಸ್ತದ ಮುಂಚಿನ ಮೂರು ನಾಳಿಗಳನ್ನೂ ಬಿಟ್ಟು ನಡುವಣ ಕಾಲದಲ್ಲಿ ಉಣ್ಣುವವನಿಗೆ ಇದು ತುಂಬಿದ ಹೊಟ್ಟೆ. ಅನುಚಿತವಾದ ಉಪವಾಸವೇನೂ ಅಲ್ಲ. ಆಚಾರ್ಯರು ತುಂಬಿದ ಹೊಟ್ಟೆಯ ಅಳತೆಯನ್ನು ಮೊದಲು ಖಚಿತಗೊಳಿಸಿ, ಅಲ್ಲಿಂದ ಕೆಳಗಿಳಿಯುವುದನ್ನು ತಪಸ್ಸೆಂದರು.

ಆ ತಪಸ್ಸಿನ ಫಲವೇನೆಂಬುದಕ್ಕೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ನೋಡಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಬಾಹ್ಯತಪಸ್ಸುಗಳನ್ನು ಹೇಳುವ ಸೂತ್ರವನ್ನು ವ್ಯಾಖ್ಯಾನಿಸುವಾಗ ಅವಮೌದರ್ಯದ ಪ್ರಯೋಜನಗಳನ್ನು ಅವರು ಒಂದೇ ಸಮಾಸದಲ್ಲಿ ಕೂಡಿಸಿದ್ದಾರೆ: ಸಂಯಮದಲ್ಲಿ ಎಚ್ಚರ, ದೋಷಪ್ರಶಮ, ಸಂತೋಷ, ಸ್ವಾಧ್ಯಾಯ ಮೊದಲಾದವುಗಳ ಸುಖಸಿದ್ಧಿ. ಇಲ್ಲಿಯ 'ದೋಷಪ್ರಶಮ' ಎಂಬ ಮಾತನ್ನು ರಾಗಾದಿ ದೋಷಗಳೆಂದು ಅರ್ಥೈಸುವವರಿದ್ದಾರೆ. ನನಗೆ ವಾತಪಿತ್ತಶ್ಲೇಷ್ಮಗಳೇ ಇಲ್ಲಿ ವಿವಕ್ಷಿತವೆಂದು ತೋರುತ್ತದೆ. ರಾಗದ ಉಚ್ಛೇದವನ್ನು ಪೂಜ್ಯಪಾದರು ಅದಕ್ಕೆ ಮುಂಚೆ ಅನಶನದ ಪ್ರಯೋಜನಗಳಲ್ಲಿ ಬೇರೆ ಮಾತಿನಿಂದಲೇ ಹೇಳಿದ್ದಾರೆ. ಮೇಲಾಗಿ, ಪರಂಪರೆಯು ವೈದ್ಯಗ್ರಂಥಕಾರರೆಂದೂ ಸ್ಮರಿಸುವ ಆಚಾರ್ಯರು ಊಟದ ಪ್ರಮಾಣವನ್ನು ಕುರಿತು ಹೇಳುವಾಗ ಆ ಶಬ್ದವನ್ನು ವೈದ್ಯಾರ್ಥದ ಅರಿವಿಲ್ಲದೆ ಬಳಸಿರಲಾರರು. ಅದೇನಿದ್ದರೂ, ಪಟ್ಟಿಯಲ್ಲಿ ಆಯುಸ್ಸು ಇಲ್ಲ. ನಿದ್ರೆ ಕವಿಯದೆ, ಹೊಟ್ಟೆ ಭಾರವಾಗದೆ ಸ್ವಾಧ್ಯಾಯ ನಡೆಯಬೇಕು, ಅಷ್ಟು.

ಆದರೂ ಆಯುಸ್ಸಿಗೂ ಜಠರಕ್ಕೂ ಸಂಬಂಧವೇ ಇಲ್ಲವೆಂದು ನಮ್ಮ ಶಾಸ್ತ್ರಕಾರರು ಹೇಳಲಿಲ್ಲ. ಈ ಸಂಬಂಧದ ಅತ್ಯಂತ ನಿಶಿತವಾದ ವಿಚಾರಣೆ ಇರುವುದು ವೈದ್ಯಗ್ರಂಥದಲ್ಲಲ್ಲ, ಅಕಲಂಕದೇವರ ತತ್ತ್ವಾರ್ಥರಾಜವಾರ್ತಿಕದಲ್ಲಿ. ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ಔಪಪಾದಿಕರು, ಚರಮೋತ್ತಮದೇಹಿಗಳು, ಅಸಂಖ್ಯೇಯವರ್ಷಾಯುಷ್ಕರು ಇವರ ಆಯುಸ್ಸು ಅನಪವರ್ತ್ಯವೆನ್ನುತ್ತದೆ. ಉಳಿದವರ, ಎಂದರೆ ನಮ್ಮಂಥವರ, ಆಯುಸ್ಸು ಅಪವರ್ತನಕ್ಕೆ ಒಳಗಾಗಬಹುದೆಂಬುದು ಅರ್ಥಾತ್ ಸಿದ್ಧ. ನಿಯತಕಾಲಕ್ಕಿಂತ ಮೊದಲು ಮರಣವಿಲ್ಲವೆಂಬ ಪೂರ್ವಪಕ್ಷಕ್ಕೆ ಅಕಲಂಕರು ಮೊದಲು ಮಾವಿನ ಹಣ್ಣಿನ ದೃಷ್ಟಾಂತ ಕೊಡುತ್ತಾರೆ. ತಾನಾಗಿ ಮಾಗುವ ಕಾಲಕ್ಕಿಂತ ಮುಂಚೆ ಉಪಾಯದಿಂದ ಹಣ್ಣನ್ನು ಮಾಗಿಸುವುದು ಕಂಡ ಸಂಗತಿ. ಆಮೇಲೆ ಆಯುರ್ವೇದದ ಸಾಮರ್ಥ್ಯವನ್ನೇ ಹೇತುವಾಗಿ ಮುಂದಿಡುತ್ತಾರೆ. ಅಷ್ಟಾಂಗಾಯುರ್ವೇದವನ್ನು ಬಲ್ಲ ನಿಪುಣನಾದ ವೈದ್ಯನು ವಾತಾದಿಗಳು ಉಲ್ಬಣಿಸುವ ಕಾಲಕ್ಕೆ ಮೊದಲೇ ವಮನ ವಿರೇಚನಾದಿಗಳಿಂದ ಶ್ಲೇಷ್ಮಾದಿಗಳನ್ನು ಹೊರಗೆಡಹುತ್ತಾನೆ. ಅಕಾಲಮೃತ್ಯುವನ್ನು ತಪ್ಪಿಸಲು ರಸಾಯನವನ್ನು ಉಪದೇಶಿಸುತ್ತಾನೆ. ಅಕಾಲಮೃತ್ಯುವೇ ಇಲ್ಲವೆಂದರೆ ಆ ಉಪದೇಶ ವ್ಯರ್ಥವಾಗಬೇಕು, ಅದು ವ್ಯರ್ಥವಲ್ಲ, ಆದುದರಿಂದ ಅಕಾಲಮೃತ್ಯು ಉಂಟು. ವೈದ್ಯವಿರುವುದು ದುಃಖನಿವಾರಣೆಗೆ ಮಾತ್ರವೆಂಬ ಆಕ್ಷೇಪವನ್ನೂ ಅವರು ಎತ್ತಿಕೊಂಡು, ಎರಡೂ ಬಗೆಯಲ್ಲಿ ಅದರ ಪ್ರಯೋಜನ ಕಾಣುತ್ತದೆಂದು ಪರಿಹರಿಸಿದ್ದಾರೆ. ಆಯುಸ್ಸು ಬೇಗ ಮುಗಿದರೆ ಮಾಡಿದ ಕರ್ಮ ಫಲ ಕೊಡದೆ ನಾಶವಾದಂತಾಗಲಿಲ್ಲವೆ ಎಂಬ ಪ್ರಶ್ನೆಗೆ ಒದ್ದೆಬಟ್ಟೆಯ ದೃಷ್ಟಾಂತವಿದೆ. ಮುದುಡಿಟ್ಟ ಬಟ್ಟೆ ನಿಧಾನವಾಗಿ ಒಣಗುತ್ತದೆ, ಹರವಿದ ಬಟ್ಟೆ ಬೇಗ ಒಣಗುತ್ತದೆ. ಇದ್ದ ನೀರು ಎರಡರಲ್ಲಿಯೂ ಅಷ್ಟೇ.

ಇಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೊಂದಿದೆ. ಆಯುಸ್ಸನ್ನು ಕಾಪಾಡುವ ವೈದ್ಯಕರ್ಮಕ್ಕೆ ಉದಾಹರಣೆಯಾಗಿ ಅಕಲಂಕರು ಆಯ್ದುಕೊಂಡದ್ದು ಶಸ್ತ್ರಚಿಕಿತ್ಸೆಯನ್ನಲ್ಲ, ವಿಷಚಿಕಿತ್ಸೆಯನ್ನಲ್ಲ; ವಮನ ವಿರೇಚನಗಳನ್ನು, ಅಂದರೆ ಆಮಾಶಯ ಪಕ್ವಾಶಯಗಳ ಶೋಧನವನ್ನು. ಜಠರ ಕೆಡದಂತೆ ನೋಡಿಕೊಂಡರೆ ಆಯುಸ್ಸು ನಡುವೆ ತುಂಡಾಗುವುದಿಲ್ಲವೆಂಬ ತಿಳಿವಳಿಕೆ ಎಂಟನೆಯ ಶತಮಾನದ ವಿದ್ವತ್ಸಭೆಯಲ್ಲಿ ವಾದಿ ಪ್ರತಿವಾದಿಗಳಿಬ್ಬರಿಗೂ ಸಮ್ಮತವಾಗಿತ್ತು. ಅಸಮ್ಮತವಾದ ದೃಷ್ಟಾಂತದಿಂದ ಅಕಲಂಕರಂಥ ತಾರ್ಕಿಕರು ಸಾಧ್ಯವನ್ನು ಸಾಧಿಸಲು ಹೊರಡುವವರಲ್ಲ. ಕುಂದಕುಂದರ ಭಾವಪಾಹುಡವೂ, ಅದನ್ನನುಸರಿಸಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಕರ್ಮಕಾಂಡವೂ ಆಯುಸ್ಸು ಕ್ಷಯಿಸುವ ಕಾರಣಗಳನ್ನು ಎಣಿಸುವಾಗ ವಿಷ, ವೇದನೆ, ರಕ್ತಕ್ಷಯ, ಭಯ, ಶಸ್ತ್ರ, ಸಂಕ್ಲೇಶಗಳೊಡನೆ ಉಚ್ಛ್ವಾಸ ಮತ್ತು ಆಹಾರಗಳ ನಿರೋಧವನ್ನೂ ಸೇರಿಸಿವೆ. ಆಹಾರದ ಅತಿಯೂ ಅಲ್ಲ, ನಿರೋಧವೂ ಅಲ್ಲ.

ಅನಪವರ್ತ್ಯಾಯುಷ್ಕರಲ್ಲಿ ಸೇರಿದ ಭೋಗಭೂಮಿಜರ ವರ್ಣನೆಯೂ ಇಲ್ಲಿ ನೆನಪಾಗುತ್ತದೆ. ತಿಲೋಯಪಣ್ಣತ್ತಿಯ ಪ್ರಕಾರ ಮೂರು ಪಲ್ಯದ ಆಯುಸ್ಸುಳ್ಳವರು ಮೂರು ದಿನಗಳನ್ನು ಬಿಟ್ಟು ಬದರೀಫಲದಷ್ಟು ಉಣ್ಣುವರು. ಎರಡು ಪಲ್ಯದವರು ಎರಡು ದಿನ ಬಿಟ್ಟು ತಾರೆಕಾಯಿಯಷ್ಟು. ಒಂದು ಪಲ್ಯದವರು ಒಂದು ದಿನ ಬಿಟ್ಟು ನೆಲ್ಲಿಕಾಯಿಯಷ್ಟು. ಅವರಿಗೆ ನೀಹಾರವಿಲ್ಲ. ಆಯುಸ್ಸು ಇಳಿದಂತೆ ತುತ್ತು ದೊಡ್ಡದಾಗುತ್ತದೆ, ಊಟ ಊಟಗಳ ನಡುವಣ ಅಂತರ ಕಿರಿದಾಗುತ್ತದೆ. ಇದನ್ನು ಶರೀರಶಾಸ್ತ್ರದ ಪ್ರಮಾಣವಾಗಿ ಯಾರೂ ಎತ್ತಬಾರದು. ಆದರೆ ಅಲ್ಪಾಹಾರ, ದೀರ್ಘಾಯುಸ್ಸುಗಳು ಈ ಪರಂಪರೆಯ ಕಲ್ಪನೆಯಲ್ಲಿ ಒಟ್ಟಿಗೇ ಇದ್ದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. (ಕೇವಲಿಗಳ ಕವಲಾಹಾರದ ವಿವಾದ ಇಲ್ಲಿಗೆ ಹತ್ತಿರದ್ದೇ, ಅದನ್ನು ಎಳೆದು ತಂದರೆ ಈ ಲೇಖನ ಮುಗಿಯುವುದಿಲ್ಲ.)

ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಆರಂಭವಾಗುವುದು ಭೋಗಭೂಮಿಯ ಈ ನೆನಪಿನಿಂದಲೇ. ಕರ್ಮಭೂಮಿ ಪ್ರಾಪ್ತವಾಗಿ ಮನುಷ್ಯರು ವ್ಯಾಧಿಪೀಡಿತರಾದಾಗ ಭರತಚಕ್ರವರ್ತಿ ಮೊದಲಾದವರು ಆದಿತೀರ್ಥಂಕರರ ಸಮವಸರಣಕ್ಕೆ ಹೋಗಿ ಪ್ರಶ್ನಿಸಿದರೆಂದು ಶಾಸ್ತ್ರಾವತಾರವನ್ನು ಹೇಳಿದೆ. ಶ್ರೀನಂದಿ ಗುರುಗಳ ಶಿಷ್ಯರಾದ ಉಗ್ರಾದಿತ್ಯರು ರಾಮಗಿರಿಯಲ್ಲಿ ಈ ಗ್ರಂಥವನ್ನು ರಚಿಸಿದರು. ಆ ರಾಮಗಿರಿ ಆಂಧ್ರದ ರಾಮತೀರ್ಥವೋ ನಾಗಪುರದ ಬಳಿಯ ರಾಮಟೇಕವೋ ಎಂಬ ಚರ್ಚೆ ಹಳೆಯದು. ಇಪ್ಪತ್ತೈದು ಪರಿಚ್ಛೇದಗಳ ಮೇಲೆ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯ ಎಂಬ ಎರಡು ಪರಿಶಿಷ್ಟಗಳಿವೆ. ಹಿತಾಹಿತಾಧ್ಯಾಯದ ಮಾಂಸನಿರಾಕರಣ ಪ್ರಸಂಗವು ನೃಪತುಂಗವಲ್ಲಭನ ಸಭೆಯಲ್ಲಿ ನಡೆದುದಾಗಿ ಹೇಳಿರುವುದರಿಂದ, 814ರಿಂದ 878ರವರೆಗೆ ಆಳಿದ ಅಮೋಘವರ್ಷನ ಕಾಲಕ್ಕೆ ಅದು ಸೇರುತ್ತದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ ಸೋಲಾಪುರದಿಂದ 1940ರಲ್ಲಿ ಪ್ರಕಟಿಸಿದ ಆವೃತ್ತಿಯೇ ಇಂದಿಗೂ ನಮಗೆ ಆಧಾರ. ಮದ್ಯ, ಮಾಂಸ, ಮಧು ಮೂರನ್ನೂ ವರ್ಜಿಸಿ ಸಮಗ್ರ ಚಿಕಿತ್ಸೆಯನ್ನು ಹೇಳಿದ ಗ್ರಂಥವೆಂದು ಇದರ ಖ್ಯಾತಿ. ನಮ್ಮ ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಆಧರಿಸಿ ಬರೆದುದೂ ಇದೇ ಮಾರ್ಗದ್ದು. ಹೆಸರು ಒಂದೇ ಆದುದರಿಂದ ಹಸ್ತಪ್ರತಿಗಳ ಪಟ್ಟಿ ಮಾಡುವವರು ಈ ಮೂರು ಗ್ರಂಥಗಳನ್ನು ಒಂದರೊಡನೊಂದು ಬೆರೆಸದಂತೆ ಎಚ್ಚರದಿಂದಿರಬೇಕು.

ಉಗ್ರಾದಿತ್ಯರು ಸ್ವಾಸ್ಥ್ಯವನ್ನು ಎರಡಾಗಿ ವಿಂಗಡಿಸಿದ್ದಾರೆ. ಅಶೇಷಕರ್ಮಕ್ಷಯದಿಂದ ದೊರೆಯುವ ಆತ್ಯಂತಿಕ ಸುಖ ಪರಮಾರ್ಥಸ್ವಾಸ್ಥ್ಯ. ಅಗ್ನಿ ಮತ್ತು ಧಾತುಗಳ ಸಮತೆ, ದೋಷಗಳು ವಿಭ್ರಮಗೊಳ್ಳದಿರುವುದು, ಮಲಕ್ರಿಯೆ ಸರಿಯಾಗಿರುವುದು, ಆತ್ಮೇಂದ್ರಿಯಗಳ ಪ್ರಸನ್ನತೆ, ಮನಃಪ್ರಸಾದ ಇವು ವ್ಯವಹಾರಸ್ವಾಸ್ಥ್ಯ. ಎರಡನೆಯದು ಸುಶ್ರುತನ ಲಕ್ಷಣಕ್ಕೆ ಸಮೀಪವಾದುದು. ಸುಶ್ರುತನು ದೋಷಸಾಮ್ಯದಿಂದ ಪ್ರಾರಂಭಿಸಿದರೆ ಉಗ್ರಾದಿತ್ಯರು ಅಗ್ನಿಯಿಂದ ಪ್ರಾರಂಭಿಸುತ್ತಾರೆ. ಮೊದಲನೆಯದು ಮಾತ್ರ ಸಂಪೂರ್ಣವಾಗಿ ಜೈನರ ಸೊತ್ತು. ಗ್ರಂಥದ ಕ್ರಮವೂ ಗಮನಾರ್ಹ. ಧಾನ್ಯಾದಿಗಳ ಗುಣಾಗುಣ, ಅನ್ನಪಾನವಿಧಿ ಇವುಗಳನ್ನು ಹೇಳಿದ ಮೇಲೆ ರಸಾಯನವಿಧಿ ಬರುತ್ತದೆ. ವ್ಯಾಧಿಗಳ ಮಾತು ಅದಕ್ಕೂ ಅನಂತರ. ಅಗ್ನಿಯನ್ನು ಸರಿಪಡಿಸದೆ ರಸಾಯನವನ್ನು ಕೊಡುವುದು ಈ ಕ್ರಮಕ್ಕೆ ಹೊರತು. ಚಿಕಿತ್ಸೆಯೆಂದರೆ ಕರ್ಮದ ಉಪಶಮನಕ್ರಿಯೆಯೇ ಎಂದು ಹೇಳಿ, ಕರ್ಮದ ಪಾಕವನ್ನು ಉಪಾಯಪಾಕ ಕಾಲಪಾಕ ಎಂದು ಎರಡು ಮಾಡಿ, ಮರದ ಹಣ್ಣಿನ ದೃಷ್ಟಾಂತವನ್ನೇ ಅವರೂ ತರುವಾಗ ಅಕಲಂಕದೇವರ ಮಾವಿನ ಹಣ್ಣು ನೆನಪಾಗದಿರದು. ತಾರ್ಕಿಕರ ದೃಷ್ಟಾಂತ ವೈದ್ಯರ ಕೈಗೆ ಬಂದುದಾಗಿರಬೇಕು.

ಈಗ ಆಧುನಿಕರ ವಿಚಾರಕ್ಕೆ ಬರೋಣ. ಕರುಳಿನ ಸೂಕ್ಷ್ಮಜೀವಿಗಳಿಗೂ ಮುಪ್ಪಿಗೂ ಸಂಬಂಧವಿದೆಯೆಂಬ ವಾದವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಸಿದ್ಧಿಗೆ ತಂದವನು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷಗಳೇ ಮುಪ್ಪಿಗೆ ಕಾರಣ, ಹುಳಿಹಾಲಿನ ಜೀವಾಣುಗಳು ಆ ಕೊಳೆತವನ್ನು ತಡೆಯುತ್ತವೆ ಎಂದು ಆತ ವಾದಿಸಿದ. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದುದು ನಿಜ. ಅದು ಬಂದುದು ರೋಗನಿರೋಧಶಕ್ತಿಯ ಸಂಶೋಧನೆಗೆ, ಮೊಸರಿನ ವಾದಕ್ಕಲ್ಲ. ಹುಳಿಹಾಲನ್ನು ನಿಯಮದಿಂದ ಸೇವಿಸುತ್ತಿದ್ದ ಆತ 1916ರಲ್ಲಿ 71ನೆಯ ವಯಸ್ಸಿನಲ್ಲಿ ತೀರಿಕೊಂಡ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಮತ್ತು ಸಂಗಡಿಗರು, ಪೋಷಕಾಂಶ ಕೆಡದಂತೆ ಆಹಾರವನ್ನು ಕಡಿಮೆ ಮಾಡಿದ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 9000ಕ್ಕೂ ಹೆಚ್ಚು ಜನರ ಕರುಳಿನ ಜೀವಾಣುಸಮುದಾಯವನ್ನು ಪರಿಶೀಲಿಸಿದಾಗ, ಆರೋಗ್ಯವಂತರಾಗಿ ವಯಸ್ಸಾದವರಲ್ಲಿ ಅದು ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚುಹೆಚ್ಚು ಭಿನ್ನವಾಗುತ್ತ ಹೋಗುವುದು ಕಂಡುಬಂದಿತು. ಸಂಬಂಧ ಕಂಡಿದೆ, ಯಾವುದು ಕಾರಣ, ಯಾವುದು ಕಾರ್ಯವೆಂಬುದನ್ನು ಅಂಥ ಅಧ್ಯಯನ ನಿರ್ಣಯಿಸಲಾರದು.

ಇವನ್ನೆಲ್ಲ ಕೇಳಿದ ಕೂಡಲೇ ನಿಗೋದಜೀವಗಳೆಂದರೆ ಕರುಳಿನ ಬ್ಯಾಕ್ಟೀರಿಯಗಳೇ ಎಂದು ಸಮೀಕರಿಸುವ ಉತ್ಸಾಹ ನಮ್ಮಲ್ಲಿ ಕೆಲವರಿಗೆ ಉಂಟಾಗಿದೆ. ಶಾಸ್ತ್ರಜ್ಞರು ಇದನ್ನು ಒಪ್ಪಲಾಗದು. ನಿಗೋದವು ಸಾಧಾರಣವನಸ್ಪತಿ, ಅನಂತಜೀವಗಳಿಗೆ ಒಂದೇ ಶರೀರ, ಒಂದೇ ಆಹಾರ, ಒಂದೇ ಉಚ್ಛ್ವಾಸ. ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಬೇರೆಬೇರೆಯಾಗಿ ಕಾಣುವ ಜೀವಾಣುವಿಗೆ ಈ ಲಕ್ಷಣ ಹೊಂದುವುದಿಲ್ಲ. ದ್ವೀಂದ್ರಿಯಗಳಲ್ಲಿ ಎಣಿಸಿದ ಕುಕ್ಷಿಕ್ರಿಮಿಗಳಾದರೋ ಕಣ್ಣಿಗೆ ಕಾಣುವ ಹುಳುಗಳು. ಮೊಸರಿನ ವಿಷಯದಲ್ಲಂತೂ ಗ್ರಂಥಗಳ ನಿಲುವು ಕಿರುಹೊತ್ತಗೆಗಳಿಗೆ ಅನುಕೂಲವಾಗಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಎಲ್ಲ ಬಗೆಯ ಸಂಧಾನಕಗಳನ್ನೂ, ಎರಡು ದಿನ ಕಳೆದ ಮೊಸರು ಮಜ್ಜಿಗೆಗಳನ್ನೂ, ಬೂಷ್ಟು ಕಟ್ಟಿದ ಕಾಂಜಿಯನ್ನೂ ಬಿಡಬೇಕೆಂದು ವಿಧಿಸಿ, ಬಿಡದಿದ್ದರೆ ಮದ್ಯತ್ಯಾಗವ್ರತಕ್ಕೆ ಮಲವೆಂದಿದ್ದಾರೆ. ಹುಳಿಯುವಿಕೆಯಲ್ಲಿ ಅವರು ಕಂಡದ್ದು ಮದ್ಯದ ಸಾಮ್ಯವನ್ನು ಮತ್ತು ಜೀವಹಿಂಸೆಯನ್ನು, ಉದರದ ಮಿತ್ರರನ್ನಲ್ಲ. ಹೊಸ ವಿಜ್ಞಾನದೊಡನೆ ನಮ್ಮ ಗ್ರಂಥಗಳು ಸೇರುವ ಎಡೆ ಮಿತಾಹಾರ, ಕಾಲನಿಯಮಗಳಲ್ಲಿದೆ; ಅಗಲುವ ಎಡೆಯೂ ಇದೆ. ಎರಡನ್ನೂ ಸಮನಾಗಿ ಹೇಳುವುದು ನಮ್ಮ ಹೊಣೆ. ಹೊಂದುವ ಗಾಹೆಯನ್ನು ಮಾತ್ರ ಆಯ್ದುಕೊಟ್ಟರೆ ನಾಳೆ ವಿಜ್ಞಾನ ತನ್ನ ಮಾತನ್ನು ತಿದ್ದಿಕೊಂಡ ದಿನ ಗ್ರಂಥವೂ ಸುಳ್ಳಾಯಿತೆಂದು ಜನ ಭಾವಿಸುವರು.

ಆಯುಸ್ಸಿನ ಆಸೆಯಿಲ್ಲದೆ ಜಠರವನ್ನು ಕಾಪಾಡಬೇಕೆಂಬ ಮಾತು ವಿಚಿತ್ರವೆನಿಸುವವರು ಶಿವಾರ್ಯರ ಭಗವತೀ ಆರಾಧನೆಯಲ್ಲಿ ಕ್ಷಪಕನ ಪಾನಕಪ್ರಕರಣವನ್ನು ಓದಬೇಕು. ಸಲ್ಲೇಖನಾವ್ರತವನ್ನು ಸ್ವೀಕರಿಸಿ ಘನಾಹಾರವನ್ನು ತ್ಯಜಿಸಲಿರುವವನ ಉದರದ ಯೋಗಕ್ಷೇಮಕ್ಕೆ ಅಲ್ಲಿ ಎಷ್ಟು ಸೂಕ್ಷ್ಮವಾದ ವಿಧಿಗಳಿವೆ! ಪಾನಕಗಳಲ್ಲಿ ಆರು ಬಗೆ. ಆಚಾಮ್ಲದಿಂದ ಶ್ಲೇಷ್ಮ ಕ್ಷೀಣಿಸುತ್ತದೆ, ಪಿತ್ತ ಉಪಶಮಿಸುತ್ತದೆ, ವಾತ ಕೆರಳದಂತೆ ಪ್ರಯತ್ನಪಡಬೇಕು ಎಂದಿದೆ. ಉದರಮಲದ ಶೋಧನೆಗಾಗಿ ಮಧುರಪಾನಕವನ್ನು ಕುಡಿಸಿ ಮೃದುವಾಗಿ ವಿರೇಚನ ಮಾಡಿಸಬೇಕು. ಬೇಕಾದರೆ ವರ್ತಿ ಮುಂತಾದವುಗಳಿಂದಲೂ ಉದರಶುದ್ಧಿಯನ್ನು ಮಾಡಬೇಕು. ಏಕೆಂದರೆ ಹೊಟ್ಟೆಯಲ್ಲಿ ಉಳಿದ ಮಲ ವೇದನೆಯನ್ನು ಉಂಟುಮಾಡುತ್ತದೆ. ಇನ್ನು ಕೆಲವೇ ದಿನಗಳಲ್ಲಿ ಆಯುಸ್ಸು ಮುಗಿಯಲಿರುವವನಿಗೆ ಈ ಉಪಚಾರ. ಅಕಲಂಕದೇವರು ಅಕಾಲಮೃತ್ಯುವಿನ ನಿವಾರಣೆಗೆ ಹೇಳಿದ ವಿರೇಚನವೇ ಇಲ್ಲಿ ಸಮಾಧಿಮರಣದ ಸಹಾಯಕ್ಕೆ ಬಂದಿದೆ. ವೇದನೆಯಿಂದ ಪರಿಣಾಮ ಕದಡಬಾರದೆಂಬುದೊಂದೇ ಇದರ ಗುರಿ. ಮೂಲಾಚಾರದ ನಾಲ್ಕನೆಯ ಭಾಗದ ಗಾಹೆಯನ್ನು ಇದರ ಪಕ್ಕದಲ್ಲಿಟ್ಟು ಓದಿದಾಗ, ಅಂದು ಆ ವೃದ್ಧ ಪಂಡಿತರು ನನ್ನಿಂದ ನಿರೀಕ್ಷಿಸಿದ ಉತ್ತರ ಇದೇ ಇರಬೇಕೆಂದು ತೋರಿತು. ಅದನ್ನು ಅವರಿಗೆ ಒಪ್ಪಿಸುವ ಅವಕಾಶ ನನಗೆ ಒದಗಲಿಲ್ಲ.

ಕೊನೆಗೆ ಹಸ್ತಪ್ರತಿಭಂಡಾರಗಳನ್ನು ನೋಡಿಕೊಳ್ಳುವವರಲ್ಲಿ ಒಂದು ವಿಜ್ಞಾಪನೆ. ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಉಗ್ರಾದಿತ್ಯರು ಹೆಸರಿಸಿದ್ದಾರೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳು, ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನರು, ಶಿಶುವೈದ್ಯಕ್ಕೆ ಮೇಘನಾದರು, ರಸಾಯನಾದಿಗಳಿಗೆ ಸಿಂಹನಾದರು, ಅಷ್ಟಾಂಗಗಳ ವಿಸ್ತಾರಕ್ಕೆ ಸಮಂತಭದ್ರರು. ಜಠರಾಗ್ನಿಯ ವಿಚಾರವೆಲ್ಲ ಅಡಗಿರುವ ಕಾಯಚಿಕಿತ್ಸೆಗೆ ದಶರಥಗುರುಗಳು. ದಶರಥಗುರುಗಳ ಆ ಗ್ರಂಥ ಇದುವರೆಗೆ ಬೆಳಕಿಗೆ ಬಂದಿಲ್ಲ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಮೂಡಬಿದಿರೆ ಮೊದಲಾದೆಡೆಗಳ ಭಂಡಾರಗಳಿಗೆ ದಾರಿ ತೋರಿಸಿತು. ಆದರೆ ಸೂಚಿಗಳಿಗೆ ಸೇರದೆ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಉಳಿದ ಕಟ್ಟುಗಳು ಇನ್ನೂ ಇವೆ. ವೈದ್ಯದ ಕಟ್ಟುಗಳಲ್ಲಿ ಆದಿ ಅಂತ್ಯಗಳಿಲ್ಲದ ಗರಿಗಳೇ ಹೆಚ್ಚಾದ್ದರಿಂದ ಅವುಗಳ ಮೇಲೆ 'ವೈದ್ಯ' ಎಂದಷ್ಟೇ ಚೀಟಿ ಅಂಟಿಸಿ ಇಡುವುದು ವಾಡಿಕೆಯಾಗಿದೆ. ಅಂಥ ಗರಿಗಳಲ್ಲಿ ಅಗ್ನಿ, ಗ್ರಹಣಿ, ಅನ್ನಪಾನಗಳ ಪ್ರಸ್ತಾಪವಿದ್ದು ಮದ್ಯಮಾಂಸಮಧುಗಳ ಬದಲು ಬೇರೆ ಅನುಪಾನಗಳನ್ನು ಹೇಳಿದ್ದರೆ ದಯವಿಟ್ಟು ಅದನ್ನು ಬೇರೆಯಾಗಿ ತೆಗೆದಿರಿಸಿ, ಮೊದಲ ಮತ್ತು ಕೊನೆಯ ಗರಿಗಳ ಪ್ರತಿಯನ್ನು ಈ ಪತ್ರಿಕೆಗೆ ಕಳುಹಿಸಬೇಕಾಗಿ ಪ್ರಾರ್ಥನೆ.